ಜೀಡಿಮೆಟ್ಲಾ ಕೆರೆಗೆ ಗಾಳ ಹಾಕಿದವರು

ಹೈದರಾಬಾದಿನ ಕೆರೆ, ಮೀನು, ಸೊಳ್ಳೆ ಈ ಮೂರರ ಚರಿತ್ರೆಗೂ 1897 ದೊಡ್ಡ ವರ್ಷ. ಆ ವರ್ಷದ ಆಗಸ್ಟ್ 20ರಂದು ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ ಸೊಳ್ಳೆಯ ಹೊಟ್ಟೆ ಸೀಳಿ ನೋಡಿ ಮಲೇರಿಯಾದ ಗುಟ್ಟು ಹಿಡಿದ. ಅದಕ್ಕೂ ಮುಂಚೆ ಅವನು ಬೆಂಗಳೂರಿನಲ್ಲಿ ಕಾಲರಾ ತಡೆಯಲು ಚರಂಡಿ, ಬಾವಿಗಳನ್ನು ನೋಡಿಕೊಂಡು ಓಡಾಡುತ್ತಿದ್ದವನು. ಅದೇ ವರ್ಷ ನಗರದ ಉತ್ತರಕ್ಕೆ ಜೀಡಿಮೆಟ್ಲಾದಲ್ಲಿ, ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ, ಒಂದು ದೊಡ್ಡ ಕೆರೆ ಸಿದ್ಧವಾಯಿತು. ಊರವರ ಬಾಯಲ್ಲಿ ಅದು ಕೊಳ್ಳ ಚೆರುವು, ಕಾಗದಪತ್ರಗಳಲ್ಲಿ ಫಾಕ್ಸ್ ಸಾಗರ್. ಅದೇ ವರ್ಷ ಬ್ರಿಟಿಷ್ ಸರ್ಕಾರ ಸಿಡಿಮದ್ದು ಸಿಡಿಸಿ, ವಿಷ ಕಲಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿ ಮೀನುಗಾರಿಕೆ ಕಾಯ್ದೆ ತಂದಿತು. ಲಂಡನ್ನಿನಲ್ಲಿ ಹೆನ್ರಿ ಸಲಿವನ್ ಥಾಮಸ್‌ನ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗಾಳದ ಪುಸ್ತಕದ ಮೂರನೇ ಆವೃತ್ತಿ ಹೊರಬಂದದ್ದೂ ಆ ವರ್ಷವೇ.

ಈ ನಾಲ್ಕಕ್ಕೂ ಒಂದರ ಸಂಗಡ ಒಂದಕ್ಕೆ ನೇರ ನಂಟಿಲ್ಲ. ಆದರೆ ಇವತ್ತು ಭಾನುವಾರ ಬೆಳಿಗ್ಗೆ ಯಾವನಾದರೂ ಸಾಫ್ಟ್‌ವೇರ್ ಹುಡುಗ ಕಾರ್ಬನ್ ಫೈಬರಿನ ತೆಳು ಕೋಲು ಹಿಡಿದು ದಖ್ಖನಿನ ಕೆರೆ ದಂಡೆಯಲ್ಲಿ ನಿಂತು, ಗರಿಯಿಂದ ಕಟ್ಟಿದ ಹುಸಿ ನೊಣವನ್ನು ನೀರಿನ ಮೇಲೆ ಇಳಿಬಿಟ್ಟರೆ ಅದು ಮೊನ್ನೆ ಮೊನ್ನೆ ಅಮೆರಿಕದಿಂದ ಬಂದ ಶೋಕಿ ಎಂದು ಮೂಗು ಮುರಿಯುವವರು ಈ ವರ್ಷವನ್ನು ನೆನಪಿಡಬೇಕು. ಹೊಟ್ಟೆಪಾಡಿಗಲ್ಲದೆ ಮೋಜಿಗೆ ಗಾಳ ಹಾಕುವ ಚಾಳಿ ಈ ನೆಲದಲ್ಲಿ ಒಂಬೈನೂರು ವರ್ಷ ಹಳೆಯದು. ಅದರ ಮೊದಲ ವಿವರವಾದ ಕೈಪಿಡಿ ಬರೆದವನು ಕನ್ನಡ ನಾಡಿನ ದೊರೆ.

ಜೀಡಿಮೆಟ್ಲಾದಿಂದ ಪಶ್ಚಿಮಕ್ಕೆ ಮುಂಬಯಿ ಹೆದ್ದಾರಿ ಹಿಡಿದರೆ ಮೂರ್ನಾಲ್ಕು ಗಂಟೆಯಲ್ಲಿ ಬಸವಕಲ್ಯಾಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಅಂದರೆ ವಿಕ್ರಮಾದಿತ್ಯನ ಮಗ ಭೂಲೋಕಮಲ್ಲ, 1127ರಿಂದ 1138ರವರೆಗೆ ಇಲ್ಲಿಂದ ಆಳಿದ. ರಾಜ್ಯ ವಿಸ್ತರಿಸುವುದಕ್ಕಿಂತ ಪುಸ್ತಕ ವಿಸ್ತರಿಸುವುದರಲ್ಲಿ ಆಸಕ್ತಿ ಇದ್ದವನು ಎಂದರೆ ತಪ್ಪಾಗದು. ಸರ್ವಜ್ಞನೆಂಬ ಬಿರುದೂ ಅವನಿಗಿತ್ತು. ಅವನ ಹೆಸರಿನಲ್ಲಿ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಸಿದ್ಧವಾದ ‘ಮಾನಸೋಲ್ಲಾಸ’ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಲ್ಲಿ ಆನೆ, ಕುದುರೆ, ರತ್ನ, ಸಂಗೀತ, ಅಡುಗೆ, ಹವಾಮಾನ ಎಲ್ಲವನ್ನೂ ಹಿಡಿದಿಟ್ಟಿದೆ. ಕನ್ನಡದ ಓದುಗರಿಗೆ ಅದು ಇಡ್ಲಿಯ ಪೂರ್ವಜ ‘ಇಡ್ಡರಿಕಾ’ ಇರುವ ಗ್ರಂಥವೆಂದೇ ಹೆಚ್ಚು ಪರಿಚಯ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಅದರ ಇನ್ನೊಂದು ಹೆಸರಿನಲ್ಲಿ, ಅರ್ಥಶಾಸ್ತ್ರವನ್ನು ಹುಡುಕಿಕೊಟ್ಟ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಮೈಸೂರಿನಿಂದ ಅದರ ಒಂದು ಭಾಗವನ್ನು ಅಚ್ಚು ಹಾಕಿಸಿದರು.

ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಪ್ರಕರಣವಿದೆ. ಹೆಸರೇ ಹೇಳುವಂತೆ ಇದು ಬಲೆಗಾರನ ಕಸುಬಿನ ಮಾತಲ್ಲ, ಅರಸನ ಹೊತ್ತು ಕಳೆಯುವ ಆಟದ ಮಾತು. ಕಡಲಿನ ಮೀನು, ಸಿಹಿನೀರಿನ ಮೀನು; ಹುರುಪೆ ಇದ್ದವು, ಇಲ್ಲದವು; ದೊಡ್ಡವು, ನಡುವಿನವು, ಸಣ್ಣವು ಎಂದು ವಿಂಗಡಿಸಿ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸುತ್ತದೆ. ಯಾವ ಮೀನಿಗೆ ಯಾವ ಆಹಾರ ಹಾಕಿ ಒಂದೆಡೆ ಸೇರುವಂತೆ ರೂಢಿ ಮಾಡಬೇಕು, ಎಳ್ಳಿನ ಉಂಡೆಗೆ ಬರುವುದು ಯಾವುದು, ಕಡಲೆ ಹಿಟ್ಟಿಗೆ ಅನ್ನ ಕಲಸಿದ ಉಂಡೆಗೆ ಬರುವುದು ಯಾವುದು, ಮಾಂಸದ ತುಂಡಿಗೆ ಬಾಯಿ ಹಾಕುವುದು ಯಾವುದು ಎಂಬ ಲೆಕ್ಕ ಕೊಡುತ್ತದೆ. ಆಮೇಲೆ ನಾರಿನ ಹುರಿ, ಕೋಲು, ಕೊಕ್ಕೆ. ಈ ಎರೆ ಹಾಕಿ ಮೀನನ್ನು ಹದಮಾಡುವ ಉಪಾಯವನ್ನು ಇಂದಿನ ಗಾಳಗಾರರೂ ಬಿಟ್ಟಿಲ್ಲ. ಹೈದರಾಬಾದಿನ ಕೆರೆ ದಂಡೆಗಳಲ್ಲಿ ರಾಗಿ ಹಿಟ್ಟಿಗೋ ಮೈದಾಕ್ಕೋ ಬೆಲ್ಲ, ಹಿಂಡಿ, ಏಲಕ್ಕಿ ಸೇರಿಸಿ ಉಂಡೆ ಕಟ್ಟುವವರ ಕೈ ನೋಡಿದರೆ ಸೋಮೇಶ್ವರನಿಗೆ ಏನೂ ಹೊಸದೆನಿಸುತ್ತಿರಲಿಲ್ಲ.

ಇಂಗ್ಲಿಷಿನಲ್ಲಿ ಗಾಳದ ಮೋಜನ್ನು ಕುರಿತ ಮೊದಲ ಅಚ್ಚಾದ ಕೃತಿ ಬಂದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕ 1653ರದು. ಸೋಮೇಶ್ವರ ಅವೆರಡಕ್ಕೂ ಮುತ್ತಜ್ಜ. ಹಾಗೆಂದು ಜಗತ್ತಿನಲ್ಲಿ ನಾವೇ ಮೊದಲು ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಗರಿ, ಉಣ್ಣೆ ಸುತ್ತಿ ನೊಣದ ವೇಷ ತೊಡಿಸಿದ ಕೊಕ್ಕೆಯನ್ನು ಮ್ಯಾಸಿಡೋನಿಯದ ಹೊಳೆಯೊಂದರಲ್ಲಿ ಬಳಸುತ್ತಿದ್ದರೆಂದು ರೋಮಿನ ಏಲಿಯನ್ ಸುಮಾರು ಕ್ರಿ.ಶ. 200ರಲ್ಲೇ ಬರೆದಿದ್ದಾನೆ.

ಹಿಡಿದ ಮೀನನ್ನು ಏನು ಮಾಡಬೇಕೆಂಬುದನ್ನೂ ದೊರೆ ಬಿಟ್ಟಿಲ್ಲ. ತುಂಡು ಮಾಡಿ, ತೊಳೆದು, ಹುಣಸೆ ರಸದಲ್ಲಿ ಬೇಯಿಸಿ, ಗೋಧಿ ಹಿಟ್ಟು ಸವರಿ, ಕಾದ ಎಣ್ಣೆಯಲ್ಲಿ ಕೆಂಪಗೆ ಕರಿದು, ಸೈಂಧವ ಲವಣ, ಏಲಕ್ಕಿ, ಮೆಣಸಿನ ಪುಡಿ ಉದುರಿಸಬೇಕು. ಅಮೆರಿಕದ ಸಣ್ಣ ಕೆರೆಗಳಲ್ಲಿ ಅಂಗೈಯಗಲದ ಬ್ಲೂಗಿಲ್ ಮೀನು ಹಿಡಿದು ದಂಡೆಯಲ್ಲೇ ಬಾಣಲೆಗೆ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಪಾಕ ಸಿಗಲಾರದು.

ಈ ಪ್ರಕರಣವನ್ನು ಮತ್ತೆ ಬೆಳಕಿಗೆ ತಂದವರು ಮೀನುವಿಜ್ಞಾನಿಗಳು. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. 2005ರಲ್ಲಿ ಸಂಸ್ಕೃತ ವಿದ್ವಾಂಸೆ ನಳಿನಿ ಸಾಧಲೆ ಮತ್ತು ಸಸ್ಯರೋಗ ವಿಜ್ಞಾನಿ ವೈ.ಎಲ್. ನೇನೆ ಅದರ ಮೀನುಗಳ ಬಗ್ಗೆ ವಿವರವಾದ ಲೇಖನ ಪ್ರಕಟಿಸಿದರು. ಅದು ಬಂದ ‘ಏಷ್ಯನ್ ಅಗ್ರಿ-ಹಿಸ್ಟರಿ’ ಪತ್ರಿಕೆ ಹೊರಡುತ್ತಿದ್ದುದು ಸಿಕಂದರಾಬಾದಿನಿಂದ. ಕಲ್ಯಾಣದ ಗಾಳ ಸುತ್ತಿ ಸುತ್ತಿ ಜೀಡಿಮೆಟ್ಲಾದ ನೆರೆಗೇ ಬಂತು. ಬಂದದ್ದರಲ್ಲಿ ವಿಚಿತ್ರವೂ ಇಲ್ಲ. ಇಂದಿನ ಹೈದರಾಬಾದಿನ ಸುತ್ತಣ ನೆಲ ಆಗ ಚಾಲುಕ್ಯರದೇ. ನಗರದ ಪೂರ್ವಕ್ಕಿರುವ ಕೊಲನುಪಾಕದಲ್ಲಿ ಅವರ ಕಾಲದ ಕನ್ನಡ ಶಾಸನಗಳು ಈಗಲೂ ನಿಂತಿವೆ. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು.

ಮಾನಸೋಲ್ಲಾಸ ಹೇಳದ ಒಂದು ಸಂಗತಿ ಇದೆ. ಅರಸನಿಗಾಗಿ ದಿನವೂ ಮೀನಿಗೆ ಎರೆ ಹಾಕಿ, ಹುರಿ ಹೊಸೆದು, ಬಿದಿರು ಕಡಿದು ಕೊಟ್ಟವರ ಹೆಸರು ಯಾವುದೂ ಅಲ್ಲಿಲ್ಲ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ಬಳಿಕ, ಬಸವಣ್ಣನವರ ಕಾಲದಲ್ಲಿ, ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯ ತನ್ನ ವಚನಗಳಲ್ಲಿ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ. ನೀರಿನ ಜನ ತಮ್ಮ ಹೆಸರಿನಲ್ಲಿ ಮಾತಾಡತೊಡಗಿದ್ದು ಅಲ್ಲಿಂದ.

ಮೋಜಿನ ಗಾಳಕ್ಕೆ ಎರಡನೆಯ ದೊಡ್ಡ ಪುಸ್ತಕ ಸಿಕ್ಕಿದ್ದೂ ಕನ್ನಡದ ನೆಲದಲ್ಲೇ, ಈ ಸಲ ಕರಾವಳಿಯಲ್ಲಿ. ಹೆನ್ರಿ ಸಲಿವನ್ ಥಾಮಸ್ ಮದರಾಸು ಪ್ರಾಂತದ ಸಿವಿಲ್ ಅಧಿಕಾರಿ, ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದವನು. 1870ರಲ್ಲಿ ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ವರದಿ ಬರೆದ. 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಮೊದಲ ಬಾರಿ ಅಚ್ಚಾದದ್ದು ಮಂಗಳೂರಿನಲ್ಲಿ, ಮುಂದೆ ಕಿಟ್ಟೆಲ್ ನಿಘಂಟು ಅಚ್ಚಾಗಲಿದ್ದ ಊರಿನಲ್ಲಿ. ಸಾಹೇಬರೆಲ್ಲ ಹೊಳೆಯ ಮಹಶೀರ್ ಮೀನಿಗೆ ಮರುಳಾಗಿದ್ದ ಕಾಲವದು. ಥಾಮಸ್‌ನೂ ಮರುಳಾದವನೇ. ಆದರೆ ಆತ ಸಣ್ಣ ಮೀನನ್ನು ಕಡೆಗಣಿಸಲಿಲ್ಲ. ಬೆರಳುದ್ದದ ಬೆಳ್ಳಿ ಮೀನು ಚಿಲ್ವಾಕ್ಕೂ ಪುಟ್ಟ ಫ್ಲೈ, ಅಂದರೆ ಗರಿಯ ಹುಸಿ ನೊಣ, ಕಟ್ಟಿ ಎಸೆದವನು. 1887ರಲ್ಲಂತೂ ಬರೀ ಕೆರೆಯ ಗಾಳಕ್ಕೇ ಮೀಸಲಾದ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಬರೆದ. ದಕ್ಷಿಣದ ಬಯಲುಸೀಮೆಯಲ್ಲಿ ಬೇಸಿಗೆಗೆ ಹೊಳೆ ಬತ್ತುತ್ತದೆ, ಕೆರೆಯಲ್ಲಿ ನೀರಿರುತ್ತದೆ. ಆದ್ದರಿಂದ ಇಲ್ಲಿ ಗಾಳದವನ ಊರು ಕೆರೆ ಎಂಬುದು ಅವನಿಗೆ ತಿಳಿದಿತ್ತು.

ಕೆರೆಗೆ ಮೀನು ತಂದು ಬಿಡುವ ರೂಢಿಗೂ ಕರಾವಳಿಯಲ್ಲಿ ಒಂದು ಹಳೆಯ ಉದಾಹರಣೆ ಇದೆ. ಕಡಲಿನ ಹೂಮೀನನ್ನು ಹೈದರಾಲಿ ಕುಂದಾಪುರದ ಸಿಹಿನೀರ ಕೆರೆಗೆ ಬಿಡಿಸಿದ್ದನೆಂದೂ ಅದು ಅಲ್ಲೇ ಬೆಳೆದು ಉಳಿದಿದೆಯೆಂದೂ ಹತ್ತೊಂಬತ್ತನೇ ಶತಮಾನದ ಮೀನುಶಾಸ್ತ್ರದ ಪುಸ್ತಕಗಳು ದಾಖಲಿಸಿವೆ. ಕತೆಯಲ್ಲಿ ಹೈದರನ ಪಾಲೆಷ್ಟೋ, ಮೀನು ಮಾತ್ರ ಇದ್ದದ್ದು ನಿಜ.

ಥಾಮಸ್ ಮತ್ತು ಮದರಾಸಿನ ಸೇನಾ ವೈದ್ಯ, ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಇಬ್ಬರೂ ಸರ್ಕಾರದ ಕಿವಿ ಕಚ್ಚುತ್ತಲೇ ಬಂದರು. ಸಣ್ಣ ಕಣ್ಣಿನ ಬಲೆ, ಗದ್ದೆಯ ತೂಬಿಗೆ ಒಡ್ಡುವ ಬುಟ್ಟಿ, ಮಡುವಿಗೆ ಕಲಸುವ ವಿಷದ ಕಾಯಿ ಇವುಗಳಿಂದ ಮೀನಿನ ಸಂತಾನ ನಾಶವಾಗುತ್ತಿದೆ ಎಂಬುದು ಅವರ ದೂರು. 1873ರಲ್ಲಿ ಡೇ ಭಾರತ ಮತ್ತು ಬರ್ಮಾದ ಸಿಹಿನೀರ ಮೀನುಗಳ ಬಗ್ಗೆ ಕೊಟ್ಟ ವರದಿಯಿಂದ 1897ರ ಕಾಯ್ದೆ ಬರಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ಆ ಕಾಯ್ದೆಯ ಉದ್ದೇಶ ಒಳ್ಳೆಯದೇ. ಆದರೆ ದೂರಿನ ಬೆರಳು ಸದಾ ಬುಟ್ಟಿ ಒಡ್ಡುವ ಬಡವನ ಕಡೆಗೇ ತಿರುಗುತ್ತಿತ್ತು, ಕೋಲು ಹಿಡಿದ ಸಾಹೇಬನ ಕಡೆಗಲ್ಲ. ಇನ್ನು ಸಿಡಿಮದ್ದು ಹಳ್ಳಿಯವನ ಮನೆಯಲ್ಲಿ ಹುಟ್ಟುವ ವಸ್ತುವಲ್ಲ. ರಸ್ತೆ, ರೈಲು, ಗಣಿ ಕೆಲಸಗಳಿಂದಲೇ ಅದು ಹೊಳೆಗೆ ಬಂದಿರಬೇಕು. ಏನಿದ್ದರೂ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಸೀಮಿತ. ನಿಜಾಮರ ಸೀಮೆಯ ಹೊಸ ಕೆರೆಗೆ ಅದು ತಾಗಲಿಲ್ಲ.

ಆ ಹೊಸ ಕೆರೆಯ ವಿಸ್ತಾರ ಸುಮಾರು 2 ಚದರ ಕಿಲೋಮೀಟರ್. ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಬೊಲ್ಲಾರಂ. ಅಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಠಾಣೆ, ಬ್ರಿಟಿಷ್ ರೆಸಿಡೆಂಟನ ಹಳ್ಳಿ ಬಂಗಲೆ. 1860ರಲ್ಲಿ ಕಟ್ಟಿದ ಆ ಬಂಗಲೆಯೇ ಇಂದಿನ ರಾಷ್ಟ್ರಪತಿ ನಿಲಯ. 1806ರಿಂದ ಬೆಳೆದ ಸಿಕಂದರಾಬಾದಿನ ದಂಡು ಪ್ರದೇಶ ದಕ್ಷಿಣಕ್ಕೆ. ನಿಜಾಮ ಮೆಹಬೂಬ್ ಅಲಿಯ ಮನಸ್ಸು ಹುಲಿ ಬೇಟೆಯ ಮೇಲೆ. ಹೊಡೆದ ಹುಲಿಯ ಮೇಲೆ ಕಾಲಿಟ್ಟು ನಿಂತ ಫೋಟೋ ತೆಗೆಯಲು ರಾಜಾ ದೀನ್ ದಯಾಳ್ ಇದ್ದರು. ಮೀನಿನ ಜೊತೆ ಫೋಟೋ ತೆಗೆಸಿಕೊಳ್ಳುವ ದರ್ಬಾರು ಅದಾಗಿರಲಿಲ್ಲ. ಕೆರೆಯ ಕೆಲಸ ನೀರುಣಿಸುವುದು. ಮೀನು ಕೆರೆಯ ಕೂಸು, ಅದರ ಹಕ್ಕು ಬೆಸ್ತರದು.

ತೆಲಂಗಾಣದಲ್ಲಿ ಈ ಹಕ್ಕಿನ ಹೆಸರು ಗಂಗಪುತ್ರ, ಮುದಿರಾಜ್ ಎಂಬ ಎರಡು ಸಮುದಾಯಗಳೊಂದಿಗೆ ಕೂಡಿಕೊಂಡಿದೆ. ಯಾರ ಪಾಲು ಎಷ್ಟೆಂಬ ಜಗಳವೂ ಹಳೆಯದು. ನಮ್ಮ ಕಡೆಯ ಬೆಸ್ತ, ಅಂಬಿಗ, ಗಂಗಾಮತ, ಕಬ್ಬಲಿಗರ ಬಂಧುಬಳಗ ಇದು. ಮಲೆನಾಡಿನ ಸೊರಬ, ಸಾಗರದ ಕೆರೆಬೇಟೆಯಲ್ಲಿ ಬೇಸಿಗೆಯ ಕೊನೆಗೆ ಊರೆಲ್ಲ ಕೂಣಿ ಹಿಡಿದು ಒಮ್ಮೆಗೇ ಕೆಸರಿಗಿಳಿಯುವಂತೆ (2024ರಲ್ಲಿ ಆ ಹೆಸರಿನ ಸಿನಿಮಾ ಬಂದ ಮೇಲೆ ಪಟ್ಟಣದವರಿಗೂ ಅದು ಗೊತ್ತಾಯಿತು) ದಖ್ಖನಿನಲ್ಲಿಯೂ ನೀರಿಳಿದ ಕೆರೆಗೆ ಬಲೆ ಬೀಳುವುದೇ ವರ್ಷದ ದೊಡ್ಡ ಸುಗ್ಗಿ. ಉಳಿದ ದಿನಗಳಲ್ಲಿ ಹುಡುಗರ ಗಾಳ: ಬಿದಿರ ಕೋಲು, ಬೆಂಡು, ಎರೆಹುಳ. ಸಿಗುವುದು ಗಿರ್ಲು, ಸಸಲು, ಅದೃಷ್ಟವಿದ್ದರೆ ಕುಚ್ಚು.

ಅದೃಷ್ಟ ಇನ್ನೂ ಹೆಚ್ಚಿದ್ದರೆ ಕೊರವ. ತೆಲುಗಿನಲ್ಲಿ ಕೊರ್ರಮೀನು, ತೆಲಂಗಾಣದ ರಾಜ್ಯ ಮೀನು. ನೀರಿನ ಮೇಲಿನ ಗಾಳಿಯನ್ನೇ ಉಸಿರಾಡಬಲ್ಲದ್ದರಿಂದ ಕೆರೆ ಕೆಸರಾದರೂ ಬದುಕುತ್ತದೆ. ಮರಿಗಳು ಕೆಂಬಣ್ಣದ ಗುಂಪಾಗಿ ನೀರಿನ ಮೇಲ್ಮೈಯಲ್ಲಿ ಅಲೆಯುವಾಗ ತಂದೆತಾಯಿ ಕೆಳಗೇ ಕಾವಲಿರುತ್ತವೆ. ಆ ಕೆಂಬಣ್ಣ ಕಂಡಲ್ಲಿ ಕಪ್ಪೆ ಸಿಕ್ಕಿಸಿದ ಗಾಳ ಕುಣಿಸಿದರೆ ಕೊರವ ಸಿಟ್ಟಿಗೆದ್ದು ಬಾಯಿ ಹಾಕುವುದು ಖಂಡಿತ. ಹಾಗೆ ಹಿಡಿದರೆ ಮರಿಗಳೆಲ್ಲ ಇತರ ಮೀನುಗಳ ಪಾಲು. ಬಲ್ಲ ಬೆಸ್ತರು ಆ ದಿನಗಳಲ್ಲಿ ಕೊರವಕ್ಕೆ ಕೈ ಹಾಕುವುದಿಲ್ಲ.

ಇದೇ ಕೊರವದ ಮರಿಯನ್ನು ಮೃಗಶಿರ ಮಳೆ ಹುಟ್ಟುವ ಹೊತ್ತಿಗೆ, ಜೂನ್ ತಿಂಗಳ ಮೊದಲ ಭಾಗದಲ್ಲಿ, ಹೈದರಾಬಾದಿನ ನಾಂಪಲ್ಲಿ ವಸ್ತುಪ್ರದರ್ಶನ ಮೈದಾನದಲ್ಲಿ ಬತ್ತಿನಿ ಮನೆತನದವರು ಔಷಧ ತುಂಬಿ ಅಸ್ತಮಾ ರೋಗಿಗಳ ಗಂಟಲಿಗೆ ಇಳಿಸುತ್ತಾರೆ. 1845ರಿಂದ ನಡೆದುಬಂದದ್ದೆಂದು ಆ ಮನೆತನ ಹೇಳುತ್ತದೆ. ವೈದ್ಯಶಾಸ್ತ್ರ ಒಪ್ಪಿಲ್ಲ, ಕರ್ನಾಟಕದಿಂದ ಹೋಗುವವರು ನಿಂತಿಲ್ಲ. ಆ ದಿನ ನಗರದಲ್ಲಿ ಮೀನು ತಿನ್ನದ ಮಾಂಸಾಹಾರಿ ಮನೆ ಅಪರೂಪ, ಮುಷೀರಾಬಾದಿನ ರಾಮ್‌ನಗರ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಕೆರೆಯ ಮೀನುಗಳ ಕುಲವೇ ಬದಲಾಯಿತು. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದ ನಂತರ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ಉಸ್ಮಾನ್ ಸಾಗರ್ (1920), ಹಿಮಾಯತ್ ಸಾಗರ್ (1927) ಎದ್ದವು; ನಗರಕ್ಕೆ ಕುಡಿಯುವ ನೀರಾಯಿತು. 1940ರ ದಶಕದಲ್ಲಿ ಎಂ. ರಹೀಮುಲ್ಲಾ ಮತ್ತು ಸಂಗಡಿಗರು ಹೈದರಾಬಾದ್ ರಾಜ್ಯದ ಮೀನುಗಳ ಸರ್ವೆ ಮಾಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಆಗಿನ್ನೂ ಕೆರೆಗಳಲ್ಲಿ ಇದ್ದದ್ದು ಬಹುಮಟ್ಟಿಗೆ ಸ್ಥಳೀಯ ಮೀನು. 1952ರಲ್ಲಿ ಆಫ್ರಿಕಾ ಮೂಲದ ತಿಲಾಪಿಯಾ ಭಾರತಕ್ಕೆ ಬಂತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಹಾರ್ಮೋನ್ ಚುಚ್ಚಿ ಗೆಂಡೆ ಮೀನುಗಳನ್ನು ಬೇಕೆಂದಾಗ ಮೊಟ್ಟೆ ಇಡಿಸಿದ ಮೇಲೆ ಗಂಗೆಯ ಕಟ್ಲಾ, ರೋಹು, ಮೃಗಾಲ್‌ಗಳ ಮರಿ ದೇಶದ ಮೂಲೆಮೂಲೆಯ ಕೆರೆಗೆ ಬೀಳತೊಡಗಿತು. ಇವತ್ತಿಗೂ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ನೈಲಾನ್ ಬಂದು ನಾರಿನ ಬಲೆಯನ್ನು ಮೂಲೆಗೆ ಸೇರಿಸಿತು.

ತಿಲಾಪಿಯಾಕ್ಕೆ ನಮ್ಮವರು ಜಿಲೇಬಿ ಎಂದು ಹೆಸರಿಟ್ಟರು. ಫ್ಲೈ ಗಾಳದವರಿಗೆ ಅದೇ ಈಗ ದಖ್ಖನಿನ ಬ್ಲೂಗಿಲ್. ಎರಡರ ನಡತೆಯೂ ಬಹಳಷ್ಟು ಒಂದೇ: ಗಂಡು ದಂಡೆಯ ಆಳವಿಲ್ಲದ ನೀರಿನಲ್ಲಿ ತಟ್ಟೆಯಂತೆ ದುಂಡನೆಯ ಗುಳಿ ತೋಡಿ ಕಾಯುತ್ತದೆ, ಹತ್ತಿರ ಬಂದ ಯಾವುದನ್ನೂ ಸಹಿಸದು. ಒಂದು ವ್ಯತ್ಯಾಸವಿದೆ. ಬ್ಲೂಗಿಲ್ ಗುಳಿಯಲ್ಲೇ ಮರಿ ಮಾಡಿಸುತ್ತದೆ. ತಿಲಾಪಿಯಾದ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಹೊರಡುತ್ತದೆ. ಈ ಜಾಣತನದಿಂದಲೇ ಅದು ಎಂಥ ಕೊಳಕು ಕೆರೆಯಲ್ಲೂ ಸಂತಾನ ಉಳಿಸಿಕೊಂಡು ಸ್ಥಳೀಯ ಮೀನುಗಳನ್ನು ಒತ್ತರಿಸಿತು. ಹಾಗಾಗಿ ತಿಲಾಪಿಯಾ ಹಿಡಿಯುವವನ ಮೇಲೆ ಯಾವ ಪರಿಸರವಾದಿಯೂ ಸಿಟ್ಟಾಗಬೇಕಿಲ್ಲ.

ಸಾಮಾನ್ಯ ಗಾಳದಲ್ಲಿ ದಾರವನ್ನು ದೂರ ಒಯ್ಯುವುದು ತುದಿಯ ಸೀಸದ ಗುಂಡು. ಫ್ಲೈ ಗಾಳದಲ್ಲಿ ತುದಿಗೆ ತೂಕವೇ ಇಲ್ಲ, ಗರಿಯ ಎಳೆ ಸುತ್ತಿದ ಚಿಕ್ಕ ಕೊಕ್ಕೆ ಅಷ್ಟೇ. ತೂಕವೆಲ್ಲ ದಪ್ಪ ದಾರದಲ್ಲಿ. ಆ ದಾರವನ್ನು ತಲೆಯ ಮೇಲೆ ಹಿಂದಕ್ಕೆ ಬೀಸಿ, ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಾಳಿ, ಮುಂದಕ್ಕೆ ಕಳಿಸಬೇಕು. ತಾಳ್ಮೆ ತಪ್ಪಿದರೆ ಕೊಕ್ಕೆ ಸಿಕ್ಕಿಕೊಳ್ಳುವುದು ಹಿಂದಿನ ಜಾಲಿ ಮುಳ್ಳಿಗೆ, ಇಲ್ಲವೇ ಸ್ವಂತ ಕಿವಿಗೆ. ಈ ಕಲೆಯ ವಿಲಾಯಿತಿ ವೈಭವದಲ್ಲೂ ನಮ್ಮ ಪಾಲೊಂದಿತ್ತು. ಸಾಲ್ಮನ್ ಮೀನಿಗೆ ಕಟ್ಟುವ ಹಳೆಯ ವಿಕ್ಟೋರಿಯನ್ ಫ್ಲೈಗಳಲ್ಲಿ ಹೊಳೆಯುವ ಅರಗಿನ ಚುಕ್ಕೆಯಂಥ ಗರಿ ಇರಲೇಬೇಕಿತ್ತು. ಅದು ಪಶ್ಚಿಮ ಘಟ್ಟ ಮತ್ತು ದಕ್ಷಿಣ ಭಾರತದ ಬೂದು ಕಾಡುಕೋಳಿ ಹುಂಜದ ಕತ್ತಿನದು. ಹುಂಜಗಳು ಕಂತೆಗಟ್ಟಲೆ ಹಡಗು ಹತ್ತಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬೇಟೆ ಅಪರಾಧ. ಈಗಿನವರು ಸಾಕುಕೋಳಿ ಗರಿಯಲ್ಲೇ ತೃಪ್ತರು, ಜಿಲೇಬಿ ಮೀನಿಗೂ ಅದರ ವ್ಯತ್ಯಾಸ ತಿಳಿಯದು.

ಚಳಿಗಾಲದ ಒಂದು ದಿನ ಇಂಥ ಕೆರೆಯಲ್ಲಿ ಹೀಗೆ ಸಾಗುತ್ತದೆ. ಬೆಳಗಿನ ಜಾವ ಮಂಜು ಸರಿಯುವ ಮೊದಲು ನೀರಿನಿಂದ ಸೊಳ್ಳೆಯಂಥ ಕಚ್ಚದ ಹುಳುಗಳು ಏಳುತ್ತವೆ. ಸಸಲು, ಗಿರ್ಲುಗಳು ನೀರ ಮೇಲೆ ಸಣ್ಣ ಸಣ್ಣ ಉಂಗುರ ಮೂಡಿಸುತ್ತವೆ. ಅತ್ಯಂತ ಚಿಕ್ಕ ಕೊಕ್ಕೆಗೆ ಕಪ್ಪು ದಾರ ಸುತ್ತಿದ ಫ್ಲೈ ಸಾಕು. ಸಿಕ್ಕ ಮೀನು ಬೆರಳಿಗಿಂತ ತುಸು ಉದ್ದ, ಆದರೆ ಎಳೆಯಂಥ ಕೋಲಿನಲ್ಲಿ ಅದರ ಗುದ್ದಾಟ ಕೈಗೆ ತಿಳಿಯುತ್ತದೆ. ಬಿಸಿಲೇರಿದಂತೆ ಉಂಗುರಗಳು ನಿಲ್ಲುತ್ತವೆ. ಆಗ ಅಂತರಗಂಗೆಯ ಅಂಚಿನಲ್ಲಿ, ನೆರಳಲ್ಲಿ, ಕೊಕ್ಕೆಯನ್ನು ತುಸು ಮುಳುಗಿಸಿ ನಿಧಾನ ಎಳೆದರೆ ತಿಲಾಪಿಯಾ. ಗಾಳದ ಕೋಲಿಗೆ ಪೈಪೋಟಿ ಕೊಡುವವರು ನೀರುಕಾಗೆ, ಮಿಂಚುಳ್ಳಿ, ಬೆಳ್ಳಕ್ಕಿ, ಅವರು ಸೋಲುವುದಿಲ್ಲ. ಮಧ್ಯಾಹ್ನ ಎರಡು ಮೂರು ಗಂಟೆ ಯಾರಿಗೂ ಏನೂ ಸಿಗದು. ಸಂಜೆ ಗಾಳಿ ನಿಂತ ಮೇಲೆ ಮತ್ತೆ ಒಂದು ಗಂಟೆಯ ಸಂಭ್ರಮ, ಆಮೇಲೆ ಸೊಳ್ಳೆ. ರಾಸ್ ಸಾಹೇಬನ ಊರಿನಲ್ಲಿ ಸೊಳ್ಳೆಗೆ ಬಡತನವಿಲ್ಲ.

ಇದೆಲ್ಲ ಚೊಕ್ಕ ಕೆರೆಯ ಮಾತು. ಫಾಕ್ಸ್ ಸಾಗರದ ಚರಿತ್ರೆ ಇಲ್ಲಿಂದ ಕಹಿಯಾಗುತ್ತದೆ. 1970ರ ದಶಕದಿಂದ ಜೀಡಿಮೆಟ್ಲಾ ಎಂದರೆ ಕೈಗಾರಿಕಾ ಪ್ರದೇಶ: ಔಷಧದ ಮೂಲವಸ್ತು, ರಾಸಾಯನಿಕ, ಬಣ್ಣ, ಎರಕ, ಪ್ಲಾಸ್ಟಿಕ್. ಕಲಬುರಗಿ, ಬೀದರ ಕಡೆಯ ಎಷ್ಟೋ ಮನೆಗಳಿಗೆ ಹೈದರಾಬಾದಿನ ಇಂಥ ಪಾಳಿ ಕೆಲಸಗಳೇ ಅನ್ನ. ಕಾರ್ಖಾನೆಗಳ ಕೊಳೆನೀರನ್ನು ಒಟ್ಟಿಗೆ ಸಂಸ್ಕರಿಸುವ ಘಟಕ 1980ರ ದಶಕದ ಕೊನೆಯಲ್ಲಿ ಇಲ್ಲಿ ಆರಂಭವಾಯಿತು, ದೇಶದ ಮೊದಮೊದಲ ಇಂಥ ಘಟಕಗಳಲ್ಲಿ ಒಂದು. ಆದರೂ ನಗರದ ಉತ್ತರ ಮತ್ತು ಪಶ್ಚಿಮ ಅಂಚಿನ ನೀರು ಚೇತರಿಸಲಿಲ್ಲ. ಹತ್ತಿರದ ಪಟಾನ್‌ಚೆರುವಿನಲ್ಲಿ ಸಂಸ್ಕರಿಸಿ ಹೊರಬಿಟ್ಟ ನೀರಿನಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧ ಇದ್ದುದನ್ನು ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದರು. ಆ ಔಷಧ ತೆಗೆದುಕೊಂಡ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಅದು ಹೆಚ್ಚು. 2017ರ ಅಕ್ಟೋಬರಿನಲ್ಲಿ ಅದೇ ಸೀಮೆಯ ಗಂಡಿಗೂಡೆಂ ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದಾಗ, ಸಹಕಾರ ಸಂಘದ ಮೀನುಗಾರರ ಇಡೀ ವರ್ಷದ ಆದಾಯ ದಂಡೆಯಲ್ಲಿ ಕೊಳೆಯಿತು.

ಇಂಥ ನೀರಿನಲ್ಲಿ ಮೊದಲು ಮಾಯವಾಗುವುದು ಬೆಳಗಿನ ಉಂಗುರ ಮೂಡಿಸುವ ಸಣ್ಣ ಮೀನು. ಕೊನೆಗೆ ಉಳಿಯುವುದು ತಿಲಾಪಿಯಾ, ಜೊತೆಗೆ 2000ದಲ್ಲಿ ಕೇಂದ್ರ ಸರ್ಕಾರ ಸಾಕಣೆ ನಿಷೇಧಿಸಿದರೂ ಕದ್ದು ಮುಚ್ಚಿ ಬೆಳೆಸುವ ಆಫ್ರಿಕನ್ ಕ್ಯಾಟ್‌ಫಿಶ್. ಯಾವ ಪ್ರಯೋಗಾಲಯವೂ ಇಲ್ಲದೆ ಕೆರೆಯ ಆರೋಗ್ಯ ಹೇಳಬಲ್ಲವನು ಫ್ಲೈ ಗಾಳದವನು, ಏಕೆಂದರೆ ಅವನ ಆಟವೆಲ್ಲ ನಿಂತಿರುವುದು ನೀರಿನಿಂದ ಏಳುವ ಹುಳು ಮತ್ತು ಅದನ್ನು ತಿನ್ನುವ ಬೆರಳುದ್ದದ ಮೀನಿನ ಮೇಲೆ.

ಕೆರೆ ತನ್ನ ಜಾಗ ಮರೆತಿರಲಿಲ್ಲ ಎಂಬುದು 2020ರ ಅಕ್ಟೋಬರಿನಲ್ಲಿ ಗೊತ್ತಾಯಿತು. ಆ ತಿಂಗಳ ಮಹಾಮಳೆಗೆ ಫಾಕ್ಸ್ ಸಾಗರ್ ತುಂಬಿ, ಕೊಂಪಳ್ಳಿ ಬಳಿಯ ಉಮಾಮಹೇಶ್ವರ ಕಾಲೊನಿಯ ಬೀದಿಗಳು ನೀರಡಿ ಆದವು. ದಶಕಗಳಿಂದ ಎತ್ತದ ತೂಬನ್ನು ಎತ್ತಬೇಕಾಯಿತು. ಜನ ದೋಣಿಯಲ್ಲಿ ಮನೆ ಬಿಟ್ಟರು. ಕೆರೆಯ ಅಂಗಳದಲ್ಲಿ, ನೀರು ಹರಿಯುವ ಹಾದಿಯಲ್ಲಿ ಕಟ್ಟಿದವರದು ತಪ್ಪೋ, ಕಟ್ಟಲು ಬಿಟ್ಟವರದೋ ಎಂಬ ಚರ್ಚೆ ಮುಗಿದಿಲ್ಲ. 2024ರ ಜುಲೈನಲ್ಲಿ ಹುಟ್ಟಿದ ‘ಹೈಡ್ರಾ’ ಎಂಬ ಸರ್ಕಾರಿ ಸಂಸ್ಥೆ ಒತ್ತುವರಿ ಕೆಡವತೊಡಗಿದ ಮೇಲೆ ಅದು ಇನ್ನಷ್ಟು ಕಾವೇರಿದೆ.

ಇದರ ನಡುವೆಯೂ ಕೆರೆಗೆ ಮೀನು ಬೀಳುತ್ತಿದೆ. 2015ರಲ್ಲಿ ಆರಂಭವಾದ ಮಿಷನ್ ಕಾಕತೀಯ 46 ಸಾವಿರಕ್ಕೂ ಹೆಚ್ಚು ಕೆರೆಗಳ ಹೂಳೆತ್ತುವ ಗುರಿ ಹಾಕಿಕೊಂಡಿತು. ಅದರ ಬೆನ್ನಿಗೇ ತೆಲಂಗಾಣ ಸರ್ಕಾರ ಮೀನುಗಾರರ ಸಂಘಗಳಿಗಾಗಿ ಕೆರೆಗಳಿಗೆ ಉಚಿತವಾಗಿ ಮರಿ ಬಿಡತೊಡಗಿತು. ಆ ಮರಿ ಕಟ್ಲಾ, ರೋಹುವಿನದು, ತೂಕದ ಲೆಕ್ಕಕ್ಕೆ ಬರುವ ಮೀನಿನದು. ಗಿರ್ಲು, ಸಸಲುಗಳಿಗೆ ಯಾವ ಯೋಜನೆಯೂ ಇಲ್ಲ. ಒಂಬೈನೂರು ವರ್ಷದ ಹಿಂದೆ ಸೋಮೇಶ್ವರನ ಪಟ್ಟಿಯಲ್ಲಿ ಸಣ್ಣ ಮೀನಿಗೂ ಒಂದು ಸಾಲಿತ್ತು. ಮೀನುಗಾರಿಕೆ ಇಲಾಖೆಯ ಪಟ್ಟಿ ಅವನದಕ್ಕಿಂತ ಚಿಕ್ಕದು. ಸ್ಥಳೀಯ ಸಣ್ಣ ಮೀನಿನ ತಳಿಗಳನ್ನೂ ಕೆರೆಗೆ ಬಿಡುವುದು ಇಲಾಖೆಗೆ ದೊಡ್ಡ ಖರ್ಚಲ್ಲ, ಮಾಡಬಹುದಾದ ಕೆಲಸವೇ.

ಗಾಳ ಹಿಡಿದು ಫಾಕ್ಸ್ ಸಾಗರಕ್ಕೋ ಅಂಥ ಇನ್ನಾವ ಕೆರೆಗೋ ಹೋಗುವ ಓದುಗರಿಗೆ ಮೂರು ಮಾತು. ಕೆರೆಯ ಮೀನು ಆ ಊರಿನ ಮೀನುಗಾರರ ಸಂಘದ್ದು, ಮೊದಲು ಅವರನ್ನು ಕೇಳಿ. ದೇಸಿ ಮೀನು ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಡಿ, ಕೊರವ ಮರಿ ಕಾಯುತ್ತಿದ್ದರೆ ಆ ಕಡೆ ಎಸೆಯಲೇಬೇಡಿ. ಕಾರ್ಖಾನೆ ಸೀಮೆಯ ಕೆರೆಯ ಮೀನನ್ನು ಮಾತ್ರ ತಿನ್ನಬೇಡಿ. ಹುಣಸೆ ರಸ, ಗೋಧಿ ಹಿಟ್ಟಿನ ಅರಸನ ಪಾಕ ಮಾಡಿ ನೋಡುವ ಆಸೆಯಿದ್ದರೆ ಮೀನನ್ನು ರಾಮ್‌ನಗರ ಮಾರುಕಟ್ಟೆಯಿಂದ ತನ್ನಿ.